16 ಬಣ್ಣದ ಎಲ್‌ಇಡಿ, 48 ಚಾನಲ್, ಒಂದೇ ಆರ್ಡ್ವಿನೋ: ಮಿಣುಕಿಲ್ಲದೆ ಡಿಮ್ ಮಾಡುವ ಸಮಗ್ರ ಮಾರ್ಗದರ್ಶಿ

ಆರ್ಡ್ವಿನೋ ಊನೋ ಎಂಬ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡಿನಲ್ಲಿ ವೇಗವಾಗಿ ಆನ್-ಆಫ್ ಮಾಡಿ ಹೊಳಪು ಏರಿಳಿಸಬಲ್ಲ ಪಿಡಬ್ಲ್ಯುಎಂ ಪಿನ್‌ಗಳು ಆರೇ ಆರು. ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಎಲ್‌ಇಡಿ ಎರಡು ಸಿಕ್ಕಿಸಿದರೆ ಅಷ್ಟೂ ಖಾಲಿ. ಅದಕ್ಕೇ ಎಲ್ಲರೂ ಒಂದೇ ತಂತಿಯಲ್ಲಿ ಬಂದ ಬಿಟ್‌ಗಳನ್ನು ಎಂಟು ಪಿನ್‌ಗೆ ಹಂಚುವ 74ಎಚ್‌ಸಿ595 ಶಿಫ್ಟ್ ರಿಜಿಸ್ಟರ್ ಚಿಪ್ ಕಡೆ ಹೋಗುತ್ತಾರೆ. ಆನ್-ಆಫ್ ಸಲೀಸಾಗಿ ಬರುತ್ತದೆ. ಡಿಮ್ ಮಾಡಲು ಹೊರಟಾಗ ಕೆಡುತ್ತದೆ. ಕಡಿಮೆ ಹೊಳಪಿನಲ್ಲಿ ಬೆಳಕು ನಡುಗುತ್ತದೆ, ಫೇಡ್ (ಹೊಳಪಿನ ನಿಧಾನ ಏರಿಳಿತ) ಅರ್ಧಕ್ಕೆ ಬಂದಾಗ ಒಮ್ಮೆ ಮಿಂಚುತ್ತದೆ, ಬಿಳಿ ಕೇಳಿದರೆ ಇನ್ನೇನೋ ಬಣ್ಣ ಬರುತ್ತದೆ. ಬಹಳಷ್ಟು ಸಲ ಬಿಡಿಭಾಗಗಳು ಚೆನ್ನಾಗಿಯೇ ಇರುತ್ತವೆ. ಪ್ರೋಗ್ರಾಂ ಒಳಗೆ ಕೆಲಸಗಳ ಸರದಿ ತಪ್ಪಿರುತ್ತದೆ. ಆ ಸರದಿಯನ್ನೇ ಇಲ್ಲಿ ಮುಖ್ಯವಾಗಿ ಹಿಡಿದುಕೊಂಡಿದ್ದೇವೆ.

ಗುರಿ ಇಷ್ಟು: 16 ಕಾಮನ್ ಆನೋಡ್ (ಮೂರು ಬಣ್ಣಕ್ಕೂ ಪ್ಲಸ್ ಕಾಲು ಒಂದೇ ಇರುವ) ಆರ್‌ಜಿಬಿ ಎಲ್‌ಇಡಿ, ಅಂದರೆ ಬಣ್ಣಕ್ಕೊಂದರಂತೆ 48 ಚಾನಲ್, ಪ್ರತಿ ಚಾನಲ್‌ಗೆ 256 ಮಟ್ಟದ ಹೊಳಪು, ಸೆಕೆಂಡಿಗೆ 122 ಸಲ ರಿಫ್ರೆಶ್, ಪ್ರೊಸೆಸರಿನ ಶೇ. 98ರಷ್ಟು ಸಮಯ ನಿಮ್ಮ ಪ್ಯಾಟರ್ನ್ ಕೆಲಸಕ್ಕೆ ಉಳಿಯಬೇಕು.

## ಬೇಕಾದ ಸಾಮಾನು

- ಆರ್ಡ್ವಿನೋ ಊನೋ ಅಥವಾ 16 ಮೆಗಾಹರ್ಟ್ಸ್ ಕ್ರಿಸ್ಟಲ್ ಇರುವ ಬರೀ ಎಟಿಮೆಗಾ328ಪಿ: 1
- 74ಎಚ್‌ಸಿ595: 6 (ಸುಟ್ಟುಕೊಳ್ಳಲು ಎರಡು ಹೆಚ್ಚಿಗೆ ಇರಲಿ)
- ಕಾಮನ್ ಆನೋಡ್ ಆರ್‌ಜಿಬಿ ಎಲ್‌ಇಡಿ, ನಾಲ್ಕು ಕಾಲಿನದು: 16
- ಕಾಲು ವ್ಯಾಟ್ ರೆಸಿಸ್ಟರ್: 390 ಓಮ್ 16, 270 ಓಮ್ 32, 1 ಕಿಲೋಓಮ್ 1, 10 ಕಿಲೋಓಮ್ 1, 100 ಓಮ್ 2
- 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ (ಮೇಲೆ 104 ಎಂದು ಬರೆದಿರುತ್ತದೆ): 6
- 470 ಮೈಕ್ರೋಫ್ಯಾರಡ್, 16 ವೋಲ್ಟ್ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್: 1
- 5 ವೋಲ್ಟ್, 1 ಆಂಪ್ ರೆಗ್ಯುಲೇಟೆಡ್ ಅಡಾಪ್ಟರ್
- ಡಿಜಿಟಲ್ ಮಲ್ಟಿಮೀಟರ್

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಎಲ್‌ಇಡಿಗಳನ್ನು ಬಿಡಿಯಾಗಿ ಕೊಳ್ಳುವವರು ಹದಿನಾರನ್ನೂ ಒಂದೇ ಪ್ಯಾಕೆಟ್‌ನಿಂದ ತೆಗೆಸಿಕೊಳ್ಳಿ. ಬೇರೆ ಬೇರೆ ಲಾಟಿನ ನೀಲಿಗಳು ಪಕ್ಕಪಕ್ಕ ಕೂತಾಗ ಎದ್ದು ಕಾಣುವಷ್ಟು ಬೇರೆಯಾಗಿರುತ್ತವೆ, ಅದನ್ನು ಸಾಫ್ಟ್‌ವೇರಿನಲ್ಲಿ ಸರಿಪಡಿಸುವುದು ದೊಡ್ಡ ತಲೆನೋವು. ಕಾಮನ್ ಆನೋಡ್, ಕಾಮನ್ ಕ್ಯಾಥೋಡ್ ಎರಡೂ ನೋಡಲು ಒಂದೇ ಥರ. ಬಾಯಿಮಾತು ನಂಬದೆ ಹಂತ 2ರಂತೆ ಪರೀಕ್ಷಿಸಿ.

## ಹಂತ 1: ಮೊದಲು ಕರೆಂಟಿನ ಲೆಕ್ಕ

ಎಲ್‌ಇಡಿಗೆ 20 ಮಿಲಿಆಂಪ್ ಎಂಬುದು ಎಲ್ಲರ ಬಾಯಲ್ಲೂ ಇರುವ ಅಂಕಿ. 74ಎಚ್‌ಸಿ595ಗೆ ಅದು ವಿಷ. ಒಂದು ಪಿನ್ 35 ಮಿಲಿಆಂಪ್‌ವರೆಗೆ ತಾಳುತ್ತದೆ, ನಿಜ. ಆದರೆ ಎಂಟೂ ಪಿನ್‌ಗಳ ಕರೆಂಟು ಕೊನೆಗೆ ಒಂದೇ ಗ್ರೌಂಡ್ ಪಿನ್‌ನಿಂದ ಹೊರಹೋಗಬೇಕು. ಅದರ ಗರಿಷ್ಠ ಮಿತಿ 70 ಮಿಲಿಆಂಪ್. ಎಂಟು ಚಾನಲ್‌ಗೆ 20ರಂತೆ 160 ಮಿಲಿಆಂಪ್ ಹರಿಸಿದರೆ ಚಿಪ್ ಕೂಡಲೇ ಸಾಯುವುದಿಲ್ಲ. ಬಿಸಿಯಾಗುತ್ತದೆ, ಬೇಡದ ಡೇಟಾ ಹಿಡಿಯುತ್ತದೆ, ಕೆಲವು ವಾರಗಳಲ್ಲಿ ಒಂದೊಂದೇ ಪಿನ್ ಕೈಕೊಡುತ್ತದೆ.

ಕೆಂಪಿಗೆ ಸುಮಾರು 2 ವೋಲ್ಟ್, ಹಸಿರು ಮತ್ತು ನೀಲಿಗೆ ಸುಮಾರು 3.1 ವೋಲ್ಟ್ ಬೇಕು. 5 ವೋಲ್ಟ್ ಸಪ್ಲೈನಲ್ಲಿ ಕೆಂಪಿಗೆ 390 ಓಮ್ ಹಾಕಿದರೆ 7.7 ಮಿಲಿಆಂಪ್, ಉಳಿದ ಎರಡಕ್ಕೆ 270 ಓಮ್ ಹಾಕಿದರೆ 7 ಮಿಲಿಆಂಪ್. ಒಂದು ಚಿಪ್‌ಗೆ ಹೆಚ್ಚೆಂದರೆ ಮೂರು ಕೆಂಪು, ಐದು ಇತರ ಬಣ್ಣ ಬರುತ್ತವೆ: ಒಟ್ಟು 58 ಮಿಲಿಆಂಪ್. ಮಿತಿಯ ಒಳಗಿದೆ. ಇಡೀ ಬೋರ್ಡಿಗೆ ಸುಮಾರು 350 ಮಿಲಿಆಂಪ್.

ಈ 350 ಮಿಲಿಆಂಪನ್ನು ಊನೋದ 5 ವೋಲ್ಟ್ ಪಿನ್‌ನಿಂದ ಎಳೆಯಬೇಡಿ. ಊನೋಗೆ 12 ವೋಲ್ಟ್ ಅಡಾಪ್ಟರ್ ಸಿಕ್ಕಿಸಿದ್ದರೆ ಉಳಿದ 7 ವೋಲ್ಟ್ ರೆಗ್ಯುಲೇಟರಿನಲ್ಲೇ ಬಿಸಿಯಾಗಿ ಹೋಗಬೇಕು. ಅದು ಸುಮಾರು ಎರಡೂವರೆ ವ್ಯಾಟ್. ಅಷ್ಟನ್ನು ಆ ಪುಟ್ಟ ರೆಗ್ಯುಲೇಟರ್ ತಾಳದು. ಎಲ್‌ಇಡಿ ಮತ್ತು ಶಿಫ್ಟ್ ರಿಜಿಸ್ಟರ್‌ಗಳಿಗೆ ಪ್ರತ್ಯೇಕ 5 ವೋಲ್ಟ್ ಅಡಾಪ್ಟರ್ ಇರಲಿ, ಎರಡೂ ಕಡೆಯ ಗ್ರೌಂಡ್ ಮಾತ್ರ ಕಡ್ಡಾಯವಾಗಿ ಒಂದಾಗಲಿ.

## ಹಂತ 2: ಎಲ್‌ಇಡಿಯ ಕಾಲುಗಳನ್ನು ಗುರುತಿಸುವುದು

ನಾಲ್ಕರಲ್ಲಿ ಉದ್ದನೆಯದು ಕಾಮನ್ ಕಾಲು. ಅದನ್ನು 5 ವೋಲ್ಟ್‌ಗೆ ಕೊಟ್ಟು, ಉಳಿದ ಒಂದೊಂದೇ ಕಾಲನ್ನು 1 ಕಿಲೋಓಮ್ ಮೂಲಕ ಗ್ರೌಂಡ್‌ಗೆ ಮುಟ್ಟಿಸಿ. ಬೆಳಗಿದರೆ ಕಾಮನ್ ಆನೋಡ್. ಯಾವ ಕಾಲಿಗೆ ಯಾವ ಬಣ್ಣ ಎಂದು ಬರೆದಿಟ್ಟುಕೊಳ್ಳಿ. ಹಸಿರು-ನೀಲಿ ಅದಲುಬದಲಾಗಿರುವ ಎಲ್‌ಇಡಿಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಮಲ್ಟಿಮೀಟರಿನ ಡಯೋಡ್ ಮೋಡ್‌ನಲ್ಲಿ ಕೆಂಪು ಮಾತ್ರ ಬೆಳಗಿ ಉಳಿದೆರಡು ಸತ್ತಂತೆ ಕಂಡರೆ ಎಲ್‌ಇಡಿ ಎಸೆಯಬೇಡಿ: ಅನೇಕ ಮೀಟರ್‌ಗಳು ಆ ಮೋಡ್‌ನಲ್ಲಿ 3 ವೋಲ್ಟ್‌ವರೆಗೆ ಏರುವುದೇ ಇಲ್ಲ.

ಮೂರು ಬಣ್ಣಕ್ಕೂ ಸೇರಿಸಿ ಕಾಮನ್ ಕಾಲಿಗೆ ಒಂದೇ ರೆಸಿಸ್ಟರ್ ಹಾಕುವುದು ಬಹಳ ಸಾಮಾನ್ಯ ತಪ್ಪು. ಕಡಿಮೆ ವೋಲ್ಟೇಜಿಗೇ ಬೆಳಗುವ ಕೆಂಪು ಕರೆಂಟನ್ನೆಲ್ಲ ತಾನೇ ಎಳೆದುಕೊಂಡು ಹಸಿರು-ನೀಲಿಗೆ ಏನೂ ಉಳಿಸುವುದಿಲ್ಲ. ಚಾನಲ್‌ಗೊಂದು ರೆಸಿಸ್ಟರ್ ಬೇಕೇ ಬೇಕು.

## ಹಂತ 3: ಒಂದು ಚಿಪ್‌ನ ವೈರಿಂಗ್

ಆರನ್ನೂ ಒಮ್ಮೆಗೇ ಕೂರಿಸಬೇಡಿ. ಒಂದನ್ನು ಪೂರ್ತಿ ಮಾಡಿ, ಪರೀಕ್ಷಿಸಿ, ಆಮೇಲೆ ಮುಂದಿನದು.

- ಪಿನ್ 16: 5 ವೋಲ್ಟ್. ಪಿನ್ 8: ಗ್ರೌಂಡ್. ಇವೆರಡರ ನಡುವೆ 104 ಕೆಪಾಸಿಟರ್, ಚಿಪ್‌ಗೆ ಆದಷ್ಟು ಒತ್ತಿಕೊಂಡು.
- ಪಿನ್ 14, ಡೇಟಾ: ಊನೋದ 11.
- ಪಿನ್ 11, ಶಿಫ್ಟ್ ಕ್ಲಾಕ್: ಊನೋದ 13, ನಡುವೆ 100 ಓಮ್.
- ಪಿನ್ 12, ಲ್ಯಾಚ್ (ಒಳಗೆ ತುಂಬಿದ ಡೇಟಾವನ್ನು ಔಟ್‌ಪುಟ್‌ಗೆ ತರುವ ಗೆರೆ): ಊನೋದ 10, ನಡುವೆ 100 ಓಮ್.
- ಪಿನ್ 13, ಔಟ್‌ಪುಟ್ ಎನೇಬಲ್: ಊನೋದ 9, ಇದೇ ಗೆರೆಯಿಂದ 10 ಕಿಲೋಓಮ್ ಮೂಲಕ 5 ವೋಲ್ಟ್‌ಗೆ.
- ಪಿನ್ 10, ಕ್ಲಿಯರ್: ನೇರ 5 ವೋಲ್ಟ್‌ಗೆ.
- ಪಿನ್ 15, ನಂತರ 1ರಿಂದ 7: ಎಂಟು ಔಟ್‌ಪುಟ್‌ಗಳು, ಇದೇ ಕ್ರಮದಲ್ಲಿ. ಪ್ರತಿಯೊಂದರಿಂದ ರೆಸಿಸ್ಟರ್, ಅಲ್ಲಿಂದ ಎಲ್‌ಇಡಿಯ ಬಣ್ಣದ ಕಾಲು. ಕಾಮನ್ ಕಾಲು 5 ವೋಲ್ಟ್‌ಗೆ.

10 ಕಿಲೋಓಮ್ ಯಾಕೆ ಎಂದರೆ, ಊನೋ ಆನ್ ಆದ ಕ್ಷಣದಲ್ಲಿ ಶಿಫ್ಟ್ ರಿಜಿಸ್ಟರಿನೊಳಗೆ ಏನಿರುತ್ತದೆ ಎಂದು ಹೇಳಲು ಬರುವುದಿಲ್ಲ. ಚಿಪ್‌ನ ಪಿನ್ 13 ಮೇಲೆ (5 ವೋಲ್ಟ್‌ನಲ್ಲಿ) ಇದ್ದಾಗ ಔಟ್‌ಪುಟ್‌ಗಳೆಲ್ಲ ಕಳಚಿಕೊಂಡಂತೆ ಇರುತ್ತವೆ, ಎಲ್‌ಇಡಿ ಆರಿರುತ್ತದೆ. ಪ್ರೋಗ್ರಾಂ ಮೊದಲು ಎಲ್ಲವನ್ನೂ ಆರಿಸುವ ಡೇಟಾ ತುಂಬಿ, ಲ್ಯಾಚ್ ಮಾಡಿ, ಆಮೇಲೆ ಈ ಗೆರೆಯನ್ನು ಕೆಳಕ್ಕೆ ಎಳೆಯಲಿ.

ಕ್ಲಿಯರ್ ಪಿನ್ ಗಾಳಿಯಲ್ಲಿ ಬಿಟ್ಟರೆ ಕೈ ಹತ್ತಿರ ತಂದಾಗ ಎಲ್‌ಇಡಿಗಳು ಹುಚ್ಚೆದ್ದು ಕುಣಿಯುತ್ತವೆ. ಇನ್ನೊಂದು ಮಾತು: ಮಿಣುಕು ಕಡಿಮೆಯಾಗಲೆಂದು ಲ್ಯಾಚ್ ಗೆರೆಗೆ ಕೆಪಾಸಿಟರ್ ಹಾಕುವ ಹಳೆಯ ಸರ್ಕ್ಯೂಟುಗಳು ಇನ್ನೂ ಹರಿದಾಡುತ್ತಿವೆ. ದಯವಿಟ್ಟು ಹಾಕಬೇಡಿ. ಲ್ಯಾಚ್ ಸಿಗ್ನಲ್ ಚೂಪಾಗಿ ಏರಬೇಕು. ಕೆಪಾಸಿಟರ್ ಅದನ್ನು ಇಳಿಜಾರು ಮಾಡಿ ಇರುವ ತೊಂದರೆಯನ್ನು ಹೆಚ್ಚಿಸುತ್ತದೆ. ಕೆಪಾಸಿಟರಿನ ಜಾಗ ಸಪ್ಲೈ ಪಿನ್‌ಗಳ ನಡುವೆ.

## ಹಂತ 4: ಸರಪಳಿ ಕಟ್ಟುವುದು

ಮೊದಲ ಚಿಪ್‌ನ ಪಿನ್ 9ರಿಂದ ಎರಡನೆಯದರ ಪಿನ್ 14ಕ್ಕೆ, ಹೀಗೆ ಆರರವರೆಗೆ. ಕ್ಲಾಕ್, ಲ್ಯಾಚ್, ಎನೇಬಲ್ ಮೂರೂ ಎಲ್ಲ ಚಿಪ್‌ಗಳಿಗೆ ಸಮಾನ. ಪಿನ್ 9ರ ಬದಲು ಪಿನ್ 7ರಿಂದ ತಂತಿ ಎಳೆಯುವ ತಪ್ಪು ಪದೇ ಪದೇ ಕಾಣುತ್ತದೆ. ಪಿನ್ 7 ಎಂಟನೆಯ ಚಾನಲ್‌ಗೆ ಹೋಗುವ ಔಟ್‌ಪುಟ್. ಲ್ಯಾಚ್ ಆದಾಗ ಮಾತ್ರ ಅದು ಬದಲಾಗುತ್ತದೆ. ಆಗ ಮೊದಲ ಚಿಪ್ ಸರಿ, ಎರಡನೆಯದರಿಂದ ಎಲ್ಲ ಅಸ್ತವ್ಯಸ್ತ.

470 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಅಡಾಪ್ಟರಿನ ತಂತಿ ಬೋರ್ಡಿಗೆ ಸೇರುವಲ್ಲಿ ಹಾಕಿ. ಅಡಾಪ್ಟರಿನಿಂದ ಬರುವ ಗ್ರೌಂಡ್ ತಂತಿ ದಪ್ಪಗಿರಲಿ, ಬ್ರೆಡ್‌ಬೋರ್ಡಿನ ಎರಡೂ ತುದಿಗೆ ಒಂದೊಂದು ಕೊಡಿ. ಊನೋದಿಂದ ಮೊದಲ ಚಿಪ್‌ಗೆ 15-20 ಸೆಂಟಿಮೀಟರ್ ಮೀರಬೇಡಿ. ಅನಿವಾರ್ಯವಾಗಿ ಉದ್ದ ಬೇಕಾದರೆ ಎಸ್‌ಪಿಐ (ಊನೋ ಚಿಪ್‌ಗಳಿಗೆ ಡೇಟಾ ಕಳಿಸುವ ಸಂಪರ್ಕ) ವೇಗವನ್ನು 8ರಿಂದ 4 ಮೆಗಾಹರ್ಟ್ಸ್‌ಗೆ ಇಳಿಸಿ. ಆರು ಚಿಪ್‌ಗೆ 4 ಮೆಗಾಹರ್ಟ್ಸ್ ಕೂಡ ಸಾಕು.

## ಹಂತ 5: ಡಿಮ್ ಇಲ್ಲದೆ ಪರೀಕ್ಷೆ

ಇಲ್ಲಿ ಆತುರಪಟ್ಟವರು ಮುಂದೆ ತಪ್ಪು ವೈರಿಂಗಿನದೋ ಪ್ರೋಗ್ರಾಮಿನದೋ ತಿಳಿಯದೆ ಒದ್ದಾಡುತ್ತಾರೆ. 48 ಚಾನಲ್‌ಗಳನ್ನು ಒಂದೊಂದಾಗಿ, ತಲಾ ಅರ್ಧ ಸೆಕೆಂಡ್ ಬೆಳಗಿಸಿ. ಮೂರು ವಿಷಯ ನೆನಪಿರಲಿ.

ಒಂದು, ಕಾಮನ್ ಆನೋಡ್ ಆದ್ದರಿಂದ 0 ಕಳಿಸಿದರೆ ಬೆಳಗುತ್ತದೆ, 1 ಕಳಿಸಿದರೆ ಆರುತ್ತದೆ. ಎರಡು, ಮೊದಲು ಕಳಿಸಿದ ಬೈಟ್ ಸರಪಳಿಯ ಕೊನೆಯ ಚಿಪ್‌ಗೆ ಹೋಗಿ ಕೂರುತ್ತದೆ. ಹಾಗಾಗಿ ಆರನೆಯ ಚಿಪ್‌ನ ಬೈಟಿನಿಂದ ಶುರುಮಾಡಿ. ಮೂರು, ಊನೋದ ಪಿನ್ 10ನ್ನು ಔಟ್‌ಪುಟ್ ಎಂದು ಘೋಷಿಸಿ ಆಮೇಲೆ ಎಸ್‌ಪಿಐ ಆನ್ ಮಾಡಿ. ಆ ಪಿನ್ ಇನ್‌ಪುಟ್ ಆಗಿದ್ದು ಕೆಳಗೆ ಜಾರಿದರೆ ಎಸ್‌ಪಿಐ ತಾನಾಗಿಯೇ ಸ್ಲೇವ್ (ಇನ್ನೊಬ್ಬರ ಕ್ಲಾಕ್‌ಗೆ ಕಾಯುವ ಸ್ಥಿತಿ) ಆಗಿಬಿಡುತ್ತದೆ, ಪ್ರೋಗ್ರಾಂ ಉತ್ತರಕ್ಕಾಗಿ ಕಾಯುತ್ತ ನಿಂತುಹೋಗುತ್ತದೆ.

ಕೊನೆಗೆ ಎಲ್ಲವನ್ನೂ ಪೂರ್ತಿ ಬೆಳಗಿಸಿ ಹತ್ತು ನಿಮಿಷ ಬಿಡಿ. ಚಿಪ್ ಬೆಚ್ಚಗಾದರೆ ಚಿಂತೆಯಿಲ್ಲ. ಬೆರಳು ಇಡಲಾಗದಷ್ಟು ಸುಟ್ಟರೆ ಹಂತ 1ಕ್ಕೆ ಹಿಂತಿರುಗಿ.

## ಹಂತ 6: ಕಾಲವನ್ನು ಹಂಚುವ ರೀತಿ

ಮಾಮೂಲಿ ಪಿಡಬ್ಲ್ಯುಎಂ ಅನ್ನು ಸಾಫ್ಟ್‌ವೇರಿನಲ್ಲಿ ಮಾಡಿದರೆ ಒಂದು ಫ್ರೇಮಿಗೆ (ಒಂದು ಪೂರ್ತಿ ರಿಫ್ರೆಶ್ ಸುತ್ತಿಗೆ) 256 ಇಂಟರಪ್ಟ್, ಅಂದರೆ ಟೈಮರ್ ಪ್ರೊಸೆಸರನ್ನು ನಡುವೆ ತಡೆದು ಮಾಡಿಸುವ ಚಿಕ್ಕ ಕೆಲಸ. ಸೆಕೆಂಡಿಗೆ 100 ಫ್ರೇಮ್ ಎಂದರೆ 25,600. ಒಂದೊಂದಕ್ಕೆ ಸಿಗುವುದು 625 ಕ್ಲಾಕ್ ಸೈಕಲ್. ಅಷ್ಟರಲ್ಲಿ 48 ಚಾನಲ್ ಹೋಲಿಸಿ ಆರು ಬೈಟ್ ಕಳಿಸುವುದರೊಳಗೆ ಪ್ರೊಸೆಸರ್ ಸುಸ್ತು. ಪ್ಯಾಟರ್ನ್ ಲೆಕ್ಕಕ್ಕೆ ಏನೂ ಉಳಿಯುವುದಿಲ್ಲ.

ಅದರ ಬದಲು ಬಿಟ್ ಆಂಗಲ್ ಮಾಡ್ಯುಲೇಷನ್, ಚಿಕ್ಕದಾಗಿ ಬ್ಯಾಮ್, ಬಳಸಿ. ಹೊಳಪಿನ ಅಂಕಿಯ ಎಂಟು ಬಿಟ್‌ಗಳು ಅಂಗಡಿಯ ತೂಕದ ಬಟ್ಟುಗಳಿದ್ದಂತೆ: 1, 2, 4, 8, 16, 32, 64, 128. ಯಾವ ಬಿಟ್ 1 ಇದೆಯೋ ಅದರ ತೂಕದಷ್ಟು ಹೊತ್ತು ಎಲ್‌ಇಡಿ ಬೆಳಗಲಿ. ಹೊಳಪು 5 ಬೇಕಾದರೆ 1ರ ಪಾಳಿಯಲ್ಲೂ 4ರ ಪಾಳಿಯಲ್ಲೂ ಬೆಳಗುತ್ತದೆ, ಉಳಿದವುಗಳಲ್ಲಿ ಆರಿರುತ್ತದೆ. ಚಾನಲ್ 48 ಇರಲಿ, 8 ಇರಲಿ, ಫ್ರೇಮಿಗೆ ಬೆರಳೆಣಿಕೆಯ ಇಂಟರಪ್ಟ್ ಸಾಕು.

ಅತಿ ಚಿಕ್ಕ ಪಾಳಿಯನ್ನು 32 ಮೈಕ್ರೋಸೆಕೆಂಡ್ ಎಂದು ಇಟ್ಟುಕೊಳ್ಳೋಣ. ಒಟ್ಟು 255 × 32 = 8160 ಮೈಕ್ರೋಸೆಕೆಂಡ್, ಸೆಕೆಂಡಿಗೆ 122.5 ಫ್ರೇಮ್. ಊನೋ ಒಳಗಿನ ಟೈಮರ್ 1ಕ್ಕೆ ಪ್ರೀಸ್ಕೇಲರ್ (ಕ್ಲಾಕನ್ನು ಭಾಗಿಸುವ ಅಂಕಿ) 8 ಕೊಟ್ಟರೆ ಒಂದು ಎಣಿಕೆಗೆ ಅರ್ಧ ಮೈಕ್ರೋಸೆಕೆಂಡ್. ಚಿಕ್ಕ ಪಾಳಿಗೆ 64 ಎಣಿಕೆ.

ಇಲ್ಲೊಂದು ಗುಂಡಿಯಿದೆ. ಪಾಳಿಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದಾಗ 127 ಎಂದರೆ ಫ್ರೇಮಿನ ಮೊದಲರ್ಧ ಬೆಳಕು, 128 ಎಂದರೆ ಎರಡನೆಯರ್ಧ ಬೆಳಕು. ಫೇಡ್ ಮಾಡುತ್ತ 127ರಿಂದ 128ಕ್ಕೆ ದಾಟುವಾಗ ಒಂದು ಇಡೀ ಫ್ರೇಮಿನಷ್ಟು ಹೊತ್ತು, ಅಂದರೆ 8 ಮಿಲಿಸೆಕೆಂಡ್, ಎಲ್‌ಇಡಿ ಕತ್ತಲಾಗಿರುತ್ತದೆ. ಇಳಿಯುವಾಗ ಅಷ್ಟೇ ಹೊತ್ತು ಸತತ ಬೆಳಕು. ನಿಧಾನದ ಫೇಡ್‌ನಲ್ಲಿ ಕಾಣುವ ಆ ಹೊಡೆತ ಇದೇ. ಪರಿಹಾರ: 128ರ ಪಾಳಿಯನ್ನು 64ರ ಎರಡು ತುಂಡು ಮಾಡಿ, ಒಂದನ್ನು ಆರಂಭಕ್ಕೆ, ಇನ್ನೊಂದನ್ನು ಕೊನೆಗೆ ಇಡಿ. ಕತ್ತಲ ಅಂತರ ಅರ್ಧಕ್ಕಿಳಿಯುತ್ತದೆ, ಕಣ್ಣಿಗೆ ಬೀಳುವುದು ಬಹುಮಟ್ಟಿಗೆ ನಿಲ್ಲುತ್ತದೆ.

ಈಗ ಒಂಬತ್ತು ಪಾಳಿಗಳು. ಎಣಿಕೆಯಲ್ಲಿ: 4096, 64, 128, 256, 512, 1024, 2048, 4096, 4096. ಕೂಡಿಸಿದರೆ 16,320 ಬರಬೇಕು. ಈ ಪಟ್ಟಿಯನ್ನು ಪ್ರೋಗ್ರಾಮಿನಲ್ಲಿ ಹಾಗೇ ಇಡಿ.

## ಹಂತ 7: ಬಿಟ್ ಹಾಳೆಗಳನ್ನು ಮೊದಲೇ ಸಿದ್ಧಮಾಡುವುದು

ಇಂಟರಪ್ಟಿನ ಒಳಗೆ ಯಾವ ಲೆಕ್ಕವೂ ಬೇಡ. ಕಳಿಸಬೇಕಾದ ಬೈಟ್‌ಗಳು ತಯಾರಾಗಿ ಕಾಯುತ್ತಿರಬೇಕು.

ಪ್ರತಿ ಬಿಟ್‌ಗೆ ಒಂದು ಹಾಳೆ. ಹಾಳೆಯಲ್ಲಿ ಆರು ಬೈಟ್, ಚಿಪ್‌ಗೊಂದು. ಎಂಟು ಹಾಳೆಗೆ 48 ಬೈಟ್. ಒಂಬತ್ತು ಪಾಳಿಗಳಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ 128ರ ಹಾಳೆಯೇ. ಇಂಥ ಎರಡು ಕಟ್ಟು ಇಡಿ: ಒಂದನ್ನು ಇಂಟರಪ್ಟ್ ಓದುತ್ತಿರುವಾಗ ಇನ್ನೊಂದನ್ನು ಮುಖ್ಯ ಲೂಪ್ ತುಂಬುತ್ತದೆ. ಒಟ್ಟು 96 ಬೈಟ್; 2 ಕಿಲೋಬೈಟ್ ರ‍್ಯಾಮ್‌ನಲ್ಲಿ ಲೆಕ್ಕಕ್ಕೇ ಇಲ್ಲ.

ತುಂಬುವ ಕ್ರಮ ಹೀಗೆ. ಕಟ್ಟನ್ನು ಪೂರ್ತಿ 255ರಿಂದ ತುಂಬಿ. ಅಂದರೆ ಎಲ್ಲ ಆರಿದೆ. ಪ್ರತಿ ಚಾನಲ್‌ನ ಹೊಳಪಿನ ಅಂಕಿ ತೆಗೆದುಕೊಳ್ಳಿ. ಚಾನಲ್ ಸಂಖ್ಯೆಯನ್ನು 8ರಿಂದ ಭಾಗಿಸಿದರೆ ಸಿಗುವುದು ಚಿಪ್, ಶೇಷ ಅದರೊಳಗಿನ ಪಿನ್. ಹೊಳಪಿನ ಯಾವ ಯಾವ ಬಿಟ್ 1 ಇದೆಯೋ ಆ ಹಾಳೆಯಲ್ಲಿ ಆ ಪಿನ್‌ನ ಬಿಟ್ಟನ್ನು 0 ಮಾಡಿ. ಊನೋದ ಎವಿಆರ್ ಪ್ರೊಸೆಸರಿನಲ್ಲಿ ಬೇಕಾದಷ್ಟು ಸ್ಥಾನ ಒಮ್ಮೆಗೇ ಶಿಫ್ಟ್ ಮಾಡುವ ಆದೇಶ ಇಲ್ಲ, ಕಂಪೈಲರ್ ಅದನ್ನು ಲೂಪ್ ಆಗಿ ಬರೆಯುತ್ತದೆ. ಹೊಳಪಿನ ಅಂಕಿಯನ್ನು ಪ್ರತಿ ಸುತ್ತಿಗೆ ಒಂದೇ ಸ್ಥಾನ ಬಲಕ್ಕೆ ಸರಿಸುತ್ತ ಹೋದರೆ ವೇಗ ಸಿಗುತ್ತದೆ. ಇಡೀ ಕಟ್ಟು ಒಂದು ಮಿಲಿಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಮುಗಿಯುತ್ತದೆ.

ಮುಗಿದ ಮೇಲೆ ‘ಹೊಸ ಕಟ್ಟು ಸಿದ್ಧ’ ಎಂಬ ಒಂದು ಬೈಟಿನ ಬಾವುಟ ಎತ್ತಿ, ಅದು ಇಳಿಯುವವರೆಗೆ ಆ ಕಟ್ಟನ್ನು ಮುಟ್ಟಬೇಡಿ. ಬಾವುಟವೂ ಕಟ್ಟಿನ ಸಂಖ್ಯೆಯೂ ವೊಲಟೈಲ್ ಎಂದು ಘೋಷಿತವಾಗಿರಲಿ. ಇಲ್ಲದಿದ್ದರೆ ಕಂಪೈಲರ್ ಅದನ್ನು ಒಮ್ಮೆ ಓದಿ ಸುಮ್ಮನಾಗುತ್ತದೆ, ಮೊದಲ ಫ್ರೇಮೇ ಶಾಶ್ವತವಾಗಿ ಉಳಿಯುತ್ತದೆ.

## ಹಂತ 8: ಇಂಟರಪ್ಟಿನ ಒಳಗಿನ ಸರದಿ

ಇಡೀ ಕೆಲಸದ ಜೀವ ಇಲ್ಲಿದೆ. ಹೆಚ್ಚಿನವರು ಬರೆಯುವ ಕ್ರಮ: ಬೈಟ್ ಕಳಿಸು, ಲ್ಯಾಚ್ ಮಾಡು, ಟೈಮರ್ ಹೊಂದಿಸು. ಓದಲು ಸಹಜ, ಪರಿಣಾಮ ಕೆಟ್ಟದ್ದು. ಕಳಿಸಲು ಹಿಡಿಯುವ ಹೊತ್ತು ಪಾಳಿಯ ಲೆಕ್ಕದೊಳಗೆ ನುಸುಳುತ್ತದೆ; 32 ಮೈಕ್ರೋಸೆಕೆಂಡಿನ ಪಾಳಿಯಲ್ಲಿ 10 ಮೈಕ್ರೋಸೆಕೆಂಡಿನ ವ್ಯತ್ಯಾಸ ಎಂದರೆ ಮೂರನೇ ಒಂದು ಭಾಗ. ಸರಿಯಾದ ಕ್ರಮ ತಲೆಕೆಳಗು:

1. ಹೋದ ಸಲವೇ ಶಿಫ್ಟ್ ರಿಜಿಸ್ಟರಿನಲ್ಲಿ ತುಂಬಿಟ್ಟ ಡೇಟಾವನ್ನು ತಕ್ಷಣ ಲ್ಯಾಚ್ ಮಾಡಿ: ಗೆರೆ ಮೇಲಕ್ಕೆ, ಕೆಳಕ್ಕೆ.
2. ಈಗಷ್ಟೇ ಲ್ಯಾಚ್ ಆದ ಪಾಳಿಯ ಎಣಿಕೆಯನ್ನು ಟೈಮರ್ 1ರ ಹೋಲಿಕೆ ರಿಜಿಸ್ಟರ್ ಒಸಿಆರ್1ಎಗೆ ಕೂಡಿಸಿ.
3. ಪಾಳಿ ಸಂಖ್ಯೆಯನ್ನು ಒಂದು ಏರಿಸಿ. ಒಂಬತ್ತು ಮುಗಿದಿದ್ದರೆ ಸೊನ್ನೆಗೆ ತಂದು, ಬಾವುಟ ಎದ್ದಿದ್ದರೆ ಕಟ್ಟು ಬದಲಿಸಿ ಬಾವುಟ ಇಳಿಸಿ.
4. ಹೊಸ ಪಾಳಿಯ ಹಾಳೆಯ ಆರು ಬೈಟ್‌ಗಳನ್ನು ಕೊನೆಯ ಚಿಪ್‌ನಿಂದ ಮೊದಲುಗೊಂಡು ಕಳಿಸಿ. ಲ್ಯಾಚ್ ಮಾಡಬೇಡಿ.

ಟೈಮರ್ ನಾರ್ಮಲ್ ಮೋಡ್‌ನಲ್ಲಿ ಸುಮ್ಮನೆ ಓಡುತ್ತಿರಲಿ, ಅದನ್ನು ಎಲ್ಲೂ ಸೊನ್ನೆ ಮಾಡಬೇಡಿ. ಹೋಲಿಕೆ ರಿಜಿಸ್ಟರಿಗೆ ಎಣಿಕೆ ಕೂಡಿಸುತ್ತ ಹೋದರೆ ಒಂದು ಇಂಟರಪ್ಟ್ ಸ್ವಲ್ಪ ತಡವಾದರೂ ಮುಂದಿನದು ಅದರ ಹೊತ್ತಿಗೇ ಬರುತ್ತದೆ, ತಡ ಶೇಖರವಾಗುವುದಿಲ್ಲ.

2 ಮತ್ತು 3ನ್ನು ಅದಲುಬದಲು ಮಾಡಿದರೆ ಪ್ರತಿ ಹಾಳೆಗೂ ಮುಂದಿನ ಹಾಳೆಯ ಕಾಲ ಸಿಗುತ್ತದೆ. ಆಗ 127ಕ್ಕೆ 190 ಪಾಲು ಬೆಳಕು, 128ಕ್ಕೆ ಬರೀ 65. ಫೇಡ್ ಏರುತ್ತ ಏರುತ್ತ ನಟ್ಟನಡುವೆ ಧುಪ್ಪೆಂದು ಬೀಳುವುದನ್ನು ಕಂಡರೆ ಇದೇ ಕಾರಣ, ಬೇರೆ ಹುಡುಕಬೇಡಿ. ಕಟ್ಟು ಬದಲಿಸುವುದು ಫ್ರೇಮಿನ ಗಡಿಯಲ್ಲಿ ಮಾತ್ರ ಎಂಬುದೂ ಅಷ್ಟೇ ಮುಖ್ಯ: ನಡುವೆ ಬದಲಿಸಿದರೆ ಒಂದು ಫ್ರೇಮಿನಲ್ಲಿ ಅರ್ಧ ಹಳೆಯ ಅಂಕಿ, ಅರ್ಧ ಹೊಸದು ಸೇರಿಕೊಂಡು ಆಗಾಗ ಮಿಂಚು ಹೊಡೆಯುತ್ತದೆ.

ಪಿನ್ ಏರಿಳಿಸುವ ಆರ್ಡ್ವಿನೋದ ಡಿಜಿಟಲ್‌ರೈಟ್ ಆದೇಶ ಇಲ್ಲಿ ಬೇಡವೇ ಬೇಡ. ಒಂದು ಸಲಕ್ಕೆ ಮೂರು-ನಾಲ್ಕು ಮೈಕ್ರೋಸೆಕೆಂಡ್ ತಿನ್ನುತ್ತದೆ. ಊನೋದ ಪಿನ್ 10 ಎಂದರೆ ಪೋರ್ಟ್ ಬಿ, ಬಿಟ್ 2. ಪೋರ್ಟ್ ರಿಜಿಸ್ಟರಿಗೆ ನೇರ ಬರೆದರೆ ಎರಡು ಕ್ಲಾಕ್ ಸೈಕಲ್. ಎಸ್‌ಪಿಐಗೂ ಲೈಬ್ರರಿ ಬದಲು ಡೇಟಾ ರಿಜಿಸ್ಟರಿಗೇ ಬರೆದು, ಮುಗಿದ ಸೂಚನೆಗಾಗಿ ಕಾಯಿರಿ.

ಇನ್ನುಳಿದದ್ದು ಟೈಮರ್ 0. ಆರ್ಡ್ವಿನೋ ತನ್ನ ಮಿಲಿಸೆಕೆಂಡ್ ಗಡಿಯಾರಕ್ಕಾಗಿ ಪ್ರತಿ 1.024 ಮಿಲಿಸೆಕೆಂಡಿಗೆ ಒಂದು ಇಂಟರಪ್ಟ್ ನಡೆಸುತ್ತಿರುತ್ತದೆ. ಅದು ನಮ್ಮದಕ್ಕೆ ಅಡ್ಡ ಬಂದಾಗ ಲ್ಯಾಚ್ ಕೆಲವು ಮೈಕ್ರೋಸೆಕೆಂಡ್ ತಡವಾಗುತ್ತದೆ. ಹೊಳಪು 200 ಇದ್ದಾಗ ಯಾರಿಗೂ ಗೊತ್ತಾಗದು. 1 ಅಥವಾ 2 ಇದ್ದಾಗ ಎಲ್‌ಇಡಿ ನಡುಗುತ್ತದೆ. ಟಿಐಎಂಎಸ್‌ಕೆ0 ರಿಜಿಸ್ಟರಿಗೆ 0 ಬರೆದು ಅದನ್ನು ನಿಲ್ಲಿಸಿ. ಆಮೇಲೆ ಮಿಲಿಸ್, ಡಿಲೇ ಎಂಬ ಕಾಲದ ಆದೇಶಗಳು ಕೆಲಸ ಮಾಡುವುದಿಲ್ಲ. ಕಾಲ ಬೇಕಾದರೆ ನಿಮ್ಮ ಇಂಟರಪ್ಟಿನಲ್ಲೇ ಫ್ರೇಮ್ ಎಣಿಸಿ, ಒಂದು ಫ್ರೇಮಿಗೆ 8.16 ಮಿಲಿಸೆಕೆಂಡ್. ಸರ್ವೋ ಲೈಬ್ರರಿ ಟೈಮರ್ 1ನ್ನೇ ಬಳಸುತ್ತದೆ, ಜೊತೆಗೆ ಹೋಗದು. 9 ಮತ್ತು 10ರಲ್ಲಿ ಅನಲಾಗ್‌ರೈಟ್ ಕೂಡ ಸಲ್ಲದು.

## ಹಂತ 9: ಇಂಟರಪ್ಟಿನ ಹೊತ್ತು ಅಳೆಯುವುದು

ಇಡೀ ಇಂಟರಪ್ಟ್ 32 ಮೈಕ್ರೋಸೆಕೆಂಡಿನೊಳಗೆ ಮುಗಿಯಲೇಬೇಕು. ತುಸು ಮೀರಿದರೆ ಮುಂದಿನ ಲ್ಯಾಚ್ ತಡವಾಗುತ್ತದೆ. ಬಹಳ ಮೀರಿದರೆ ಹೋಲಿಕೆಯ ಕ್ಷಣ ಆಗಲೇ ದಾಟಿರುತ್ತದೆ, ಟೈಮರ್ ಪೂರ್ತಿ 65,536 ಎಣಿಸಿ ಮತ್ತೆ ಅಲ್ಲಿಗೆ ಬರುವವರೆಗೆ, ಅಂದರೆ 33 ಮಿಲಿಸೆಕೆಂಡ್, ಎಲ್ಲ ಸ್ತಬ್ಧ. ಕಣ್ಣಿಗೆ ಅದು ಜೋರಾದ ಮಿಟುಕಾಗಿ ಕಾಣುತ್ತದೆ.

ಆಸಿಲೋಸ್ಕೋಪ್ ಇಲ್ಲದೆಯೂ ಅಳೆಯಬಹುದು. ಊನೋದ ಪಿನ್ 8ನ್ನು ಇಂಟರಪ್ಟಿನ ಮೊದಲ ಸಾಲಿನಲ್ಲಿ ಮೇಲೆತ್ತಿ, ಕೊನೆಯ ಸಾಲಿನಲ್ಲಿ ಇಳಿಸಿ. ಆ ಪಿನ್‌ಗೂ ಗ್ರೌಂಡ್‌ಗೂ ನಡುವೆ ಮಲ್ಟಿಮೀಟರನ್ನು ಡಿಸಿ ಮಿಲಿವೋಲ್ಟ್‌ನಲ್ಲಿ ಇಡಿ. ಅದು ಸರಾಸರಿ ತೋರಿಸುತ್ತದೆ. ಓದಿದ ವೋಲ್ಟನ್ನು 5ರಿಂದ ಭಾಗಿಸಿ, 8160ರಿಂದ ಗುಣಿಸಿ, 9ರಿಂದ ಭಾಗಿಸಿ. 72 ಮಿಲಿವೋಲ್ಟ್ ಬಂದರೆ ಒಂದು ಇಂಟರಪ್ಟಿಗೆ 13 ಮೈಕ್ರೋಸೆಕೆಂಡ್. ಒಳಹೊಕ್ಕು ಹೊರಬರುವ ಖರ್ಚು ಈ ಅಳತೆಗೆ ಸಿಗುವುದಿಲ್ಲ, ಅದಕ್ಕೆ ಇನ್ನೊಂದು 4 ಸೇರಿಸಿಕೊಳ್ಳಿ. 25 ದಾಟಿದರೆ ಒಳಗೆ ಏನೋ ಬೇಡದ ಕೆಲಸ ಸೇರಿಕೊಂಡಿದೆ ಎಂದೇ ತಿಳಿಯಿರಿ.

## ಹಂತ 10: ಗಾಮಾ ಮತ್ತು ಬಿಳಿ

ಎಲ್ಲ ಸರಿಯಾದ ಮೇಲೂ ಫೇಡ್ ಮೊದಲ ಕಾಲು ಭಾಗದಲ್ಲೇ ಪೂರ್ತಿ ಬೆಳಗಿದಂತೆ ಕಾಣುತ್ತದೆ. ತಪ್ಪು ಎಲ್‌ಇಡಿಯದಲ್ಲ, ಕಣ್ಣು ಕತ್ತಲಿನ ಕಡೆಯ ವ್ಯತ್ಯಾಸಗಳನ್ನು ಹೆಚ್ಚು ಗುರುತಿಸುತ್ತದೆ. 256 ಬೈಟಿನ ಗಾಮಾ ಪಟ್ಟಿಯನ್ನು (ಹೊಳಪಿನ ಅಂಕಿಯನ್ನು ಕಣ್ಣಿಗೆ ಹೊಂದಿಸುವ ಕೋಷ್ಟಕ) ಫ್ಲ್ಯಾಶ್ ಮೆಮೊರಿಯಲ್ಲಿ ಇಟ್ಟು, ಹಾಳೆ ತುಂಬುವ ಮುನ್ನ ಪ್ರತಿ ಅಂಕಿಯನ್ನೂ ಅದರ ಮೂಲಕ ಹಾಯಿಸಿ. ಅಂಕಿಯನ್ನು 255ರಿಂದ ಭಾಗಿಸಿ, 2.2ರ ಘಾತಕ್ಕೇರಿಸಿ, 255ರಿಂದ ಗುಣಿಸಿ ಪೂರ್ಣಾಂಕ ಮಾಡಿದರೆ ಪಟ್ಟಿ ಸಿದ್ಧ. ಕೆಲವರು 2.8 ಬಳಸುತ್ತಾರೆ. ಎಂಟು ಬಿಟ್‌ಗೆ ಅದು ಅತಿ: 0ರಿಂದ 27ರವರೆಗಿನ ಅಷ್ಟೂ ಮಟ್ಟ ಸೊನ್ನೆಯಾಗಿಬಿಡುತ್ತವೆ. 2.2ರಲ್ಲಿ 15ಕ್ಕಿಂತ ಕೆಳಗಿನವು ಮಾತ್ರ ಹೋಗುತ್ತವೆ.

ಬಿಳಿಯನ್ನು ಬಿಳಿ ಕಾಗದದ ಮೇಲೆ ಬೆಳಕು ಚೆಲ್ಲಿ ನೋಡಿ, ಎಲ್‌ಇಡಿಯನ್ನೇ ದಿಟ್ಟಿಸಬೇಡಿ. ಸಾಮಾನ್ಯವಾಗಿ ಹಸಿರು ಮುಂದಾಗಿರುತ್ತದೆ. ಸಾಫ್ಟ್‌ವೇರಿನಲ್ಲಿ ಹಸಿರನ್ನು ಅರ್ಧಕ್ಕೆ ಇಳಿಸಿದರೆ ಅದರ ಅರ್ಧದಷ್ಟು ಮಟ್ಟಗಳೂ ಹೋದವು. ಕತ್ತಲಿಗೆ ಇಳಿಯುವಾಗ ಹಸಿರು ಮೊದಲು ಆರಿ ಬಿಳಿ ನೇರಳೆಗೆ ತಿರುಗುತ್ತದೆ. ಆದ್ದರಿಂದ ದೊಡ್ಡ ತಿದ್ದುಪಡಿಯನ್ನು ರೆಸಿಸ್ಟರಿನಲ್ಲೇ ಮಾಡಿ: ಹಸಿರಿಗೆ 270ರ ಬದಲು 470, 680, 1000 ಓಮ್ ಹೀಗೆ ಒಂದು ಎಲ್‌ಇಡಿಯಲ್ಲಿ ನೋಡಿ, ಹೊಂದಿದ್ದನ್ನು ಹದಿನಾರಕ್ಕೂ ಹಾಕಿ. ಉಳಿದ ಸಣ್ಣ ಹೆಚ್ಚುಕಡಿಮೆ ಗಾಮಾ ಆದ ಮೇಲೆ ಸಾಫ್ಟ್‌ವೇರಿನಲ್ಲಿ. ಬೆಸುಗೆ ಹಾಕುವ ಮುಂಚೆಯೇ ಇದನ್ನು ಮುಗಿಸಿಕೊಳ್ಳಿ.

## ಲಕ್ಷಣ ಕಂಡಾಗ ಎಲ್ಲಿ ನೋಡಬೇಕು

ಮಂದ ಬೆಳಕಿನಲ್ಲಿ ಮಾತ್ರ ನಡುಕ: ಟೈಮರ್ 0 ಇನ್ನೂ ಓಡುತ್ತಿದೆ, ಅಥವಾ ಸೀರಿಯಲ್ ಸಂದೇಶಗಳ ಇಂಟರಪ್ಟ್ ಅಡ್ಡ ಬರುತ್ತಿದೆ.

ಒಂದು ಎಲ್‌ಇಡಿ ಬದಲಾದಾಗ ಪಕ್ಕದವು ತುಸು ಅಲುಗುತ್ತವೆ: 5 ವೋಲ್ಟ್ ಅಥವಾ ಗ್ರೌಂಡ್ ತಂತಿ ತೆಳು. ಎಲ್ಲ ಬೆಳಗಿದಾಗ ಕೊನೆಯ ಚಿಪ್‌ನ ಪಿನ್ 16 ಮತ್ತು 8ರ ನಡುವೆ ಅಳೆಯಿರಿ, 4.8 ವೋಲ್ಟ್‌ಗಿಂತ ಕಡಿಮೆ ಇರಬಾರದು.

ಬಣ್ಣಗಳೆಲ್ಲ ಒಂದು ಸ್ಥಾನ ಸರಿದಿವೆ: ಕ್ಲಾಕ್ ಗೆರೆಯಲ್ಲಿ ಒಂದು ಸುಳ್ಳು ಮಿಡಿತ. 104 ಕೆಪಾಸಿಟರ್, 100 ಓಮ್, ತಂತಿಯ ಉದ್ದ ಈ ಮೂರನ್ನು ನೋಡಿ.

ಆರಿರಬೇಕಾದದ್ದು ಬೆಳಗುತ್ತದೆ, ಬೆಳಗಬೇಕಾದದ್ದು ಆರುತ್ತದೆ: 0-1 ತಿರುವುಮುರುವು ಮಾಡುವುದು ಬಿಟ್ಟುಹೋಗಿದೆ, ಅಥವಾ ಎರಡು ಸಲ ಆಗಿದೆ.

ಮೊಬೈಲ್ ಕ್ಯಾಮೆರಾದಲ್ಲಿ ಪಟ್ಟೆ, ಕಣ್ಣಿಗೆ ಸರಿ: ಇದು ದೋಷವಲ್ಲ, 122 ಫ್ರೇಮಿಗೆ ಹಾಗೆಯೇ. ವಿಡಿಯೋ ಮಾಡುವ ಜಾಗಕ್ಕಾದರೆ ಚಿಕ್ಕ ಪಾಳಿಯನ್ನು 24 ಮೈಕ್ರೋಸೆಕೆಂಡ್‌ಗೆ ಇಳಿಸಿ ನೋಡಿ. ಹಂತ 9ರ ಅಳತೆ ಒಪ್ಪಿದರೆ ಮಾತ್ರ.

ಊನೋ ಬದಲು ಇಎಸ್‌ಪಿ32 ಬೋರ್ಡ್ ಹಾಕಿದ ಮೇಲೆ ಅಡ್ಡಾದಿಡ್ಡಿ: ಅದು ಕೊಡುವುದು 3.3 ವೋಲ್ಟ್. 5 ವೋಲ್ಟ್‌ನಲ್ಲಿರುವ 74ಎಚ್‌ಸಿ595ಗೆ 1 ಎಂದು ಗೊತ್ತಾಗಲು 3.5 ವೋಲ್ಟ್ ಬೇಕು. 74ಎಚ್‌ಸಿಟಿ595 ಹಾಕಿ, ಅದಕ್ಕೆ 2 ವೋಲ್ಟ್ ಸಾಕು, ಕಾಲುಗಳ ಜೋಡಣೆ ಅದೇ.

## ಇನ್ನೂ ನಯ, ಇನ್ನೂ ಹೆಚ್ಚು

ಮಂದ ಬೆಳಕಿನ ಫೇಡ್ ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಹತ್ತು ಬಿಟ್‌ಗೆ ಹೋಗಬೇಕು. ಅದೇ ಫ್ರೇಮ್ ವೇಗ ಉಳಿಯಲು ಚಿಕ್ಕ ಪಾಳಿ 8 ಮೈಕ್ರೋಸೆಕೆಂಡ್ ಆಗಬೇಕು, ಅಷ್ಟರಲ್ಲಿ ಇಂಟರಪ್ಟೇ ಮುಗಿಯುವುದಿಲ್ಲ. ಅತಿ ಚಿಕ್ಕ ಎರಡು ಪಾಳಿಗಳಿಗೆ ಎನೇಬಲ್ ಗೆರೆ ಬಳಸಿ: ಪಾಳಿಯ ಉದ್ದ 48 ಮೈಕ್ರೋಸೆಕೆಂಡ್ ಇರಲಿ, ಲ್ಯಾಚ್ ಆದ ಮೇಲೆ ಗೆರೆಯನ್ನು ಒಂದರಲ್ಲಿ 8, ಇನ್ನೊಂದರಲ್ಲಿ 16 ಮೈಕ್ರೋಸೆಕೆಂಡ್ ಮಾತ್ರ ಕೆಳಗಿಟ್ಟು ಮೇಲೆತ್ತಿ. ಮುಂದಿನ ಪಾಳಿ ಲ್ಯಾಚ್ ಆದ ಕೂಡಲೇ ಮತ್ತೆ ಕೆಳಗಿಳಿಸಲು ಮರೆಯಬೇಡಿ. ಕಳೆದುಹೋಗುವ ಬೆಳಕು ಫ್ರೇಮಿನ ಶೇ. 1ರಷ್ಟೂ ಇಲ್ಲ.

ಚಿಪ್‌ಗಳ ಸಂಖ್ಯೆಗೂ ಮಿತಿಯಿದೆ. 8 ಮೆಗಾಹರ್ಟ್ಸ್‌ನಲ್ಲಿ ಒಂದು ಬೈಟಿಗೆ ಸುಮಾರು ಒಂದೂವರೆ ಮೈಕ್ರೋಸೆಕೆಂಡ್. 32ರ ಪಾಳಿಯಲ್ಲಿ 14 ಚಿಪ್, ಅಂದರೆ 37 ಎಲ್‌ಇಡಿವರೆಗೆ ನಿಶ್ಚಿಂತೆ. ಅದಕ್ಕಿಂತ ಹೆಚ್ಚು ಬೇಕಾದಾಗ ಪಾಳಿ ಉದ್ದ ಮಾಡಿದರೆ ಮಿಣುಕು ಶುರು. ಆಗ 16 ಚಾನಲ್‌ನ ಟಿಎಲ್‌ಸಿ5940 ಡ್ರೈವರ್ ಚಿಪ್ ಅಥವಾ ಪ್ರತಿ ಎಲ್‌ಇಡಿಯೊಳಗೇ ಡ್ರೈವರ್ ಇರುವ ಡಬ್ಲ್ಯುಎಸ್2812ಬಿ ಕಡೆ ಹೋಗುವುದು ಮೇಲು. ಆದರೆ ಡಬ್ಲ್ಯುಎಸ್2812ಬಿ ಮತ್ತು ಬ್ಯಾಮ್ ಒಂದೇ ಊನೋದಲ್ಲಿ ಬೇಡ: ಅದರ ಸಾಮಾನ್ಯ ಲೈಬ್ರರಿಗಳು ಒಂದು ಎಲ್‌ಇಡಿಗೆ 30 ಮೈಕ್ರೋಸೆಕೆಂಡಿನಂತೆ ಇಂಟರಪ್ಟ್‌ಗಳನ್ನು ತಡೆಹಿಡಿಯುತ್ತವೆ. ನಾಲ್ಕೈದು ಎಲ್‌ಇಡಿ ಸೇರಿಸಿದರೂ ಸಾಕು, ಹಂತ 9ರಲ್ಲಿ ಹೇಳಿದ 33 ಮಿಲಿಸೆಕೆಂಡಿನ ಮಿಟುಕು ಶುರುವಾಗುತ್ತದೆ.

ಎಲ್‌ಇಡಿ ಸಂಖ್ಯೆ ಅಷ್ಟೇ ಇದ್ದು ಬೆಳಕು ಮಾತ್ರ ಹೆಚ್ಚು ಬೇಕಾದರೆ 74ಎಚ್‌ಸಿ595 ಜಾಗಕ್ಕೆ ಟಿಪಿಐಸಿ6ಬಿ595 ತನ್ನಿ. ಚಾನಲ್‌ಗೆ 150 ಮಿಲಿಆಂಪ್ ತಾಳುತ್ತದೆ. ಅದು 20 ಕಾಲಿನ ಚಿಪ್, ಜೋಡಣೆ ಪೂರ್ತಿ ಬೇರೆ. 1 ಕಳಿಸಿದರೆ ಬೆಳಗುತ್ತದೆ. ಹಾಗಾಗಿ ಹಂತ 7ರಲ್ಲಿ ಕಟ್ಟನ್ನು 255ರ ಬದಲು 0ಯಿಂದ ತುಂಬಿ, ಬೆಳಗಬೇಕಾದ ಬಿಟ್ಟನ್ನು 1 ಮಾಡಿ. ರೆಸಿಸ್ಟರ್‌ಗಳ ಬೆಲೆಯನ್ನು ಹೊಸ ಕರೆಂಟಿಗೆ ತಕ್ಕಂತೆ ಮತ್ತೆ ಲೆಕ್ಕ ಹಾಕಿ, ಅಡಾಪ್ಟರಿನ ಆಂಪ್ ಸಾಲುತ್ತದೆಯೇ ನೋಡಿಕೊಂಡೇ ಸ್ವಿಚ್ ಒತ್ತಿ.